ಅಪ್‌ಡೇಟ್: ಕೊನೆಗೂ ಆಯಿಲ್ ಫಿಲ್ಟರ್ ಬಿಚ್ಚಿತು

ಹಳೆ ಸ್ವಿಫ್ಟ್ ಪೆಟ್ರೋಲ್ ಕಾರಿನ ಆಯಿಲ್ ಫಿಲ್ಟರ್ ಬಿಚ್ಚುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ನೀವು ಹೇಳಿದಂತೆ ಎಂಜಿನ್ 5 ನಿಮಿಷ ಓಡಿಸಿ, ಬೆಚ್ಚಗಿರುವಾಗಲೇ ಬೆಲ್ಟ್ ಸ್ಪ್ಯಾನರ್ (ಫಿಲ್ಟರ್ ಸುತ್ತ ಪಟ್ಟಿ ಬಿಗಿದು ತಿರುಗಿಸುವ ಸಾಧನ) ಹಾಕಿ ತಿರುಗಿಸಿದೆ. ಬಂತು.

ಆದರೆ ಹೊಸ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ ಕೆಳಗೆಲ್ಲ ಆಯಿಲ್! ಹಳೆ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿತ್ತು. ಅದರ ಮೇಲೆ ಇನ್ನೊಂದು ಕೂರಿಸಿದ್ದೆ. ನೋಡಬೇಕಿತ್ತು, ಅಲ್ವಾ? ಅದನ್ನು ಕಿತ್ತು, ಹೊಸ ರಿಂಗ್‌ಗೆ ಬೆರಳಲ್ಲಿ ಆಯಿಲ್ ಸವರಿ, ಈ ಸಲ ಕೈಯಲ್ಲೇ ಬಿಗಿ ಮಾಡಿದೆ. ಹಳೆ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್‌ನ ವಾಷರ್ ಕೂಡ ಹೊಸದು.

ಆಯಿಲ್ ಸ್ವಲ್ಪ ಸ್ವಲ್ಪವೇ ಸುರಿದು, ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿದೆ. ಏರ್ ಫಿಲ್ಟರ್ ಎರಡೇ ನಿಮಿಷದ ಕೆಲಸ. ಎರಡು ದಿನವಾಯಿತು, ಒಂದು ಹನಿಯೂ ಸೋರಿಲ್ಲ. ಹಳೆ ಆಯಿಲ್ ಕ್ಯಾನ್‌ಗೆ ತುಂಬಿ ಗ್ಯಾರೇಜಿಗೆ ಕೊಟ್ಟೆ. ಅಂಗಳದ ಕಲೆ ಮಾತ್ರ ಹೋಗಿಲ್ಲ, ಅಮ್ಮ ಇನ್ನೂ ಬೈಯುತ್ತಿದ್ದಾರೆ.