ಬ್ರೇಕ್ ಪೆಡಲ್ ‘ಮೆತ್ತಗಾಗಿದೆ’: ಮೂರು ದೋಷಕ್ಕೆ ಒಂದೇ ಪದ ಸಾಕೇ?

ಪಿಕಪ್ ಗಾಡಿಗಳ ಬ್ರೇಕ್ ದೋಷ ಹುಡುಕುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಚಾಲಕರು ಮತ್ತು ಹೊಸದಾಗಿ ಕೆಲಸ ಕಲಿಯುತ್ತಿರುವ ಮೆಕ್ಯಾನಿಕ್‌ಗಳು. ಒಂದು ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಪೆಡಲ್ ಒತ್ತಿದಾಗ ಅದು ಗಟ್ಟಿಯಾಗಿ ನಿಲ್ಲದಿದ್ದರೆ ಗ್ಯಾರೇಜಿನಲ್ಲಿ ‘ಸಾಫ್ಟ್ ಆಗಿದೆ’ ಅನ್ನುತ್ತಾರೆ. ಇದನ್ನು ‘ಮೃದು’ ಎಂದು ಬರೆದರೆ ಸರಿ ಬರುವುದಿಲ್ಲ. ಮೃದು ಮಾತು, ಮೃದು ಸ್ವಭಾವ ಅಂತ ನಾವು ಹೊಗಳುವಾಗ ಹೇಳುತ್ತೇವೆ. ‘ಮೃದುವಾದ ಪೆಡಲ್’ ಎಂದು ಓದಿದವರಿಗೆ ಕಾಲಿಗೆ ಹಿತವಾದ ಪೆಡಲ್ ಅನ್ನಿಸುತ್ತದೆ, ಅಲ್ವಾ? ‘ಮೆತ್ತಗೆ’ ವಾಸಿ. ಚೆಂಡು ಮೆತ್ತಗಾಯಿತು, ಜ್ವರ ಬಂದು ಹುಡುಗ ಮೆತ್ತಗಾದ ಎನ್ನುವಾಗ, ಇರಬೇಕಾದ ಬಿಗಿ ಹೋಯಿತು ಅನ್ನುವ ಅರ್ಥ ತಾನಾಗಿಯೇ ಬರುತ್ತದೆ. ಪೆಡಲಿಗೂ ಆಗಿರುವುದು ಅದೇ.

ಆದರೆ ‘ಮೆತ್ತಗೆ’ ಎಂಬ ಒಂದೇ ಪದದಡಿ ಮೂರು ಬೇರೆ ಬೇರೆ ದೋಷಗಳು ಸೇರಿಕೊಳ್ಳುತ್ತವೆ. ಮೂರಕ್ಕೂ ರಿಪೇರಿ ಬೇರೆ. ಚಾಲಕ ಸುಮ್ನೆ ‘ಮೆತ್ತಗಾಗಿದೆ’ ಅಂದರೆ ಮೆಕ್ಯಾನಿಕ್ ಮೊದಲು ಏರ್ ತೆಗೆಯಲು, ಅಂದರೆ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕಲು, ಹೊರಡುತ್ತಾನೆ. ಎಷ್ಟೋ ಸಲ ಅದರಿಂದ ಏನೂ ಬದಲಾಗುವುದಿಲ್ಲ.

ಮೊದಲನೆಯದು, ಒತ್ತಿದಷ್ಟೂ ಅಮುಕಿಕೊಂಡು, ಕಾಲನ್ನು ಸ್ವಲ್ಪ ಹಿಂದಕ್ಕೆ ತಳ್ಳುವ ಪೆಡಲ್. ಬ್ರೇಕ್ ಪೈಪಿನೊಳಗಿನ ದ್ರವವನ್ನು ಹೆಚ್ಚೂಕಡಿಮೆ ಅಮುಕಲು ಆಗುವುದಿಲ್ಲ. ಹಾಗಾಗಿಯೇ ಕಾಲಿನ ಒತ್ತಡ ಚಕ್ರದವರೆಗೆ ಹೋಗುತ್ತದೆ. ಗಾಳಿ ಹಾಗಲ್ಲ. ಪೈಪಿನಲ್ಲಿ ಒಂದಿಷ್ಟು ಗಾಳಿ ಸೇರಿದರೂ ಕಾಲಿನ ಬಲ ಅದನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬಿದರೂ ಹೀಗೇ ಆಗುತ್ತದೆ. ಇನ್ನೊಂದು ಕಾರಣ ನೀರು. ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವಗಳು ದಿನ ಕಳೆದಂತೆ ಗಾಳಿಯ ತೇವವನ್ನು ಹೀರುತ್ತವೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಹೊರೆ ಹೇರಿದ ಪಿಕಪ್ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಇಳಿದರೆ ದ್ರವ ಕುದಿದು ಗುಳ್ಳೆ ಏಳಬಹುದು. ಪೆಡಲ್ ಥಟ್ಟನೆ ಮೆತ್ತಗಾಗುತ್ತದೆ, ತಣ್ಣಗಾದ ಮೇಲೆ ಮತ್ತೆ ಸರಿಯಾದಂತೆ ಕಾಣುತ್ತದೆ. ಆಗ ಬಹಳ ಜನ ಅದನ್ನು ಮರೆತುಬಿಡುತ್ತಾರೆ. ಇದು ನನ್ನನ್ನು ತುಂಬಾ ಕಾಡುವ ವಿಷಯ. ಈ ಒಂದು ಸ್ಥಿತಿಗೆ ಮಾತ್ರ ‘ಮೆತ್ತನೆ ಪೆಡಲ್’ ಎಂಬ ಪದವನ್ನು ಮೀಸಲಿಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಎರಡನೆಯದಕ್ಕೇ ಪದ ಸಿಗುತ್ತಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ, ಪೆಡಲ್ ಮೇಲೆ ಒಂದೇ ಸಮನೆ ಕಾಲಿಟ್ಟು ಹಿಡಿಯಿರಿ. ಅದು ಮೆಲ್ಲಗೆ ಕೆಳಗೆ ಹೋಗುತ್ತಲೇ ಇರುತ್ತದೆ. ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ ಪೆಡಲ್ ಒತ್ತಿದಾಗ ದ್ರವವನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದು, ದ್ರವ ಅದನ್ನು ದಾಟಿ ಹಿಂದಕ್ಕೆ ನುಸುಳುತ್ತಿರಬಹುದು. ಸೋರಿಕೆ ಇದ್ದರೆ ಡಬ್ಬಿಯಲ್ಲಿ ದ್ರವದ ಮಟ್ಟ ಇಳಿಯುತ್ತದೆ, ಚಕ್ರದ ಬಳಿ ಇರುವ ವೀಲ್ ಸಿಲಿಂಡರ್ ಅಥವಾ ಪೈಪಿನ ಜಾಯಿಂಟ್ ಒದ್ದೆಯಾಗಿರುತ್ತದೆ. ಇದಕ್ಕೆ ‘ಕುಸಿಯುವ ಪೆಡಲ್’ ಎಂದರೆ ಗೋಡೆ ಕುಸಿದ ಹಾಗೆ ಒಮ್ಮೆಲೇ ಆದಂತೆ ಕೇಳಿಸುತ್ತದೆ. ‘ಜಗ್ಗುವ ಪೆಡಲ್’ ಅನ್ನೋಣವೆಂದರೆ ಜಗ್ಗು ಎಂದರೆ ಬಾಗು ಎಂದೂ ಆಗುತ್ತದೆ, ಎಳೆ ಎಂದೂ ಆಗುತ್ತದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುವುದು ಬೇರೆಯದೇ ದೋಷ. ಎರಡೂ ಕಲಸಿಹೋಗುತ್ತವೆ. ಸದ್ಯಕ್ಕೆ ‘ಇಳಿಯುತ್ತಾ ಹೋಗುವ ಪೆಡಲ್’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ತಪ್ಪುವುದಿಲ್ಲ. ಇಂಥ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು. ಹಾಗಾಗಿ ಪದ ಕೇಳಿದ ಕೂಡಲೇ ವಿಷಯ ಹೊಳೆಯಬೇಕು.

ಮೂರನೆಯದು ಪಿಕಪ್‌ಗಳಲ್ಲಿ ಜಾಸ್ತಿ ಕಾಣುವ ದೋಷ. ಮೊದಲ ಸಲ ಒತ್ತಿದಾಗ ಪೆಡಲ್ ತುಂಬಾ ಕೆಳಗೆ ಹೋಗಿ ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಬೇಗ ಎರಡನೇ ಸಲ ಒತ್ತಿದರೆ ಮೇಲೆಯೇ ಹಿಡಿಯುತ್ತದೆ. ಹೆಚ್ಚಿನ ಪಿಕಪ್‌ಗಳ ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುತ್ತದೆ. ಡ್ರಮ್ಮಿಗೆ ಒಳಗಿನಿಂದ ಒತ್ತಿ ಹಿಡಿಯುವ ಶೂ ಸವೆದು ಡ್ರಮ್ಮಿಗೂ ಅದಕ್ಕೂ ನಡುವೆ ಗ್ಯಾಪ್ ಹೆಚ್ಚಾದರೆ, ಆ ಗ್ಯಾಪ್ ತುಂಬುವುದಕ್ಕೇ ಪೆಡಲಿನ ಅರ್ಧ ಓಟ ಮುಗಿಯುತ್ತದೆ. ಶೂ ಅಡ್ಜಸ್ಟ್ ಮಾಡಬೇಕು, ಪೂರ್ತಿ ಸವೆದಿದ್ದರೆ ಬದಲಿಸಬೇಕು. ಗಾಳಿ ಇದ್ದಾಗಲೂ ಪಂಪ್ ಮಾಡಿದರೆ ಪೆಡಲ್ ಮೇಲೆ ಬರುತ್ತದೆ. ಆದರೆ ಅದು ಮೇಲೆ ಬಂದ ಮೇಲೂ ಮೆತ್ತಗೇ ಇರುತ್ತದೆ. ಇಲ್ಲಿ ಹಾಗಲ್ಲ, ನಿಂತ ಜಾಗದಲ್ಲಿ ಬಿಗಿ ಇರುತ್ತದೆ. ಆದ್ದರಿಂದ ಇದನ್ನು ‘ಮೆತ್ತಗೆ’ ಎನ್ನುವುದೇ ತಪ್ಪು. ‘ಆಳಕ್ಕೆ ಹೋಗುವ ಪೆಡಲ್’ ಹೇಗೆ?

ಏರ್ ತೆಗೆಯುವ ಭಾಗದಲ್ಲಿ ನನಗೆ ಗೊಂದಲವಿಲ್ಲ. ‘ಏರ್ ತೆಗೆಯುವುದು’ ಎಂದು ಎಲ್ಲರೂ ಹೇಳುತ್ತಾರೆ, ಹಾಗೇ ಬಿಟ್ಟಿದ್ದೇನೆ. ಅಲ್ಲಿ ಒಂದು ಎಚ್ಚರಿಕೆ ಸೇರಿಸಿದ್ದೇನೆ. ಅನೇಕ ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ವಾಲ್ವ್ ಇರುತ್ತದೆ. ಚಾಸಿಗೆ ಜಾಕ್ ಕೊಟ್ಟು ಹಿಂದಿನ ಆಕ್ಸಲ್ ಕೆಳಗೆ ನೇತಾಡುವಂತೆ ಬಿಟ್ಟರೆ, ಗಾಡಿ ಖಾಲಿ ಇದೆಯೆಂದು ಆ ವಾಲ್ವ್ ಹಿಂದಿನ ಬ್ರೇಕಿಗೆ ದ್ರವ ಹೋಗುವ ದಾರಿಯನ್ನು ಕಿರಿದು ಮಾಡುತ್ತದೆ. ಗಾಳಿ ಪೂರ್ತಿ ಹೊರಬರದೆ ಉಳಿಯಬಹುದು. ಆಕ್ಸಲ್ ಮೇಲೆ ಗಾಡಿಯ ಭಾರ ಕೂರುವಂತೆ ಇಟ್ಟುಕೊಂಡೇ ಏರ್ ತೆಗೆಯಬೇಕು.

‘ಬ್ರೇಕ್ ಎಣ್ಣೆ’, ‘ಬ್ರೇಕ್ ಆಯಿಲ್’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ, ಎಷ್ಟೇ ಬಳಕೆಯಲ್ಲಿದ್ದರೂ. ಅದು ಎಣ್ಣೆ ಅಲ್ಲ. ಎಣ್ಣೆ ಅಂದುಕೊಂಡು ಯಾರಾದರೂ ಎಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸುರಿದರೆ ಸೀಲುಗಳ ರಬ್ಬರ್ ಉಬ್ಬಿ ಕೆಡುತ್ತದೆ. ಕೈಪಿಡಿಯ ಉದ್ದಕ್ಕೂ ‘ಬ್ರೇಕ್ ದ್ರವ’ ಎಂದೇ ಬರೆದಿದ್ದೇನೆ. ಮೊದಲ ಸಲ ಬಂದಾಗ ಮಾತ್ರ ‘ಬ್ರೇಕ್ ಆಯಿಲ್ ಎಂದು ಕರೆಯುವ’ ಎಂದು ಸೇರಿಸಿದ್ದೇನೆ.

ಈಗ ನನ್ನ ಪ್ರಶ್ನೆ. ಎರಡನೆಯ ದೋಷಕ್ಕೆ ನಿಮ್ಮ ಕಡೆಯ ಚಾಲಕರು, ಮೆಕ್ಯಾನಿಕ್‌ಗಳು ಬಳಸುವ ಚಿಕ್ಕ ಪದ ಏನಾದರೂ ಇದೆಯೇ? ‘ಆಳಕ್ಕೆ ಹೋಗುವುದು’ ಮತ್ತು ‘ಇಳಿಯುತ್ತಾ ಹೋಗುವುದು’ ಓದುವವರಿಗೆ ಒಂದೇ ಅನ್ನಿಸುತ್ತವೆಯೇ? ಹಾಗಿದ್ದರೆ ಯಾವುದನ್ನು ಬದಲಿಸಲಿ, ತಿಳಿಸಿ.