ಗೂಬೆ ಮರಿ ಇರುವ ಜಾಗ ಕೇಳಿದರೆ ಹೇಳಬೇಕಾ, ಬೇಡವಾ?

ಸ್ಟುಡಿಯೊ ಮಧುಗಿರಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ಬೇಜಾರು ಮಾಡಿಕೊಳ್ಳದೆ ಓದಿ.

ನಾನು ಮಧುಗಿರಿ ತಾಲೂಕಿನವನು. ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಫೋಟೊ, ಇದೇ ಹೊಟ್ಟೆಪಾಡು. ಆದರೆ ಹಕ್ಕಿ ನೋಡೋಕೆ ಹೋಗುವಾಗ ಬೈನಾಕ್ಯುಲರ್ ಮಾತ್ರ. ವಾರವೆಲ್ಲ ಕ್ಯಾಮೆರಾ ಹೊತ್ತವನಿಗೆ ರಜೆ ದಿನವೂ ಅದೇ ಯಾಕೆ ಬೇಕು ಹೇಳಿ.

ನಮ್ಮ ಕಡೆ ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ ಇದೆ. ಅಲ್ಲಿ ಕೊಂಬಿನ ಗೂಬೆಯ ಜೋಡಿ ಮರಿ ಮಾಡುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ಗೂಬೆ ಗೂಡು ಕಟ್ಟುವುದಿಲ್ಲ. ಬಂಡೆ ಸ್ವಲ್ಪ ಮುಂದಕ್ಕೆ ಚಾಚಿದ ಕಡೆ, ಬರೀ ಮಣ್ಣಿನ ಮೇಲೆ ಮೊಟ್ಟೆ ಇಡುತ್ತದೆ. ಕಾಲ ನವೆಂಬರಿನಿಂದ ಏಪ್ರಿಲ್‌. ಕೂತ ಹೆಣ್ಣು ಕಲ್ಲಿನ ಬಣ್ಣದಲ್ಲೇ ಸೇರಿಹೋಗಿರುತ್ತದೆ. ಕಿತ್ತಳೆ ಬಣ್ಣದ ಕಣ್ಣು ಸ್ವಲ್ಪ ಬಿಟ್ಟರೆ ಮಾತ್ರ, ಓ ಇಲ್ಲಿದೆ ಅಂತ ಗೊತ್ತಾಗುತ್ತದೆ. ಬಂಡೆ ಕೆಳಗೆ ಅದು ಕಕ್ಕಿದ ಉಂಡೆಗಳು ಬಿದ್ದಿರುತ್ತವೆ. ಒಣಗಿದ್ದನ್ನು ಕಡ್ಡಿಯಲ್ಲಿ ಬಿಡಿಸಿದರೆ ಬೂದು ಕೂದಲಿನ ಮಧ್ಯೆ ಇಲಿಯ ದವಡೆ ಸಿಗುತ್ತದೆ. ಹಳದಿ ಬಾಚಿಹಲ್ಲು ಒಂದೂ ಮುಕ್ಕಾಗಿರುವುದಿಲ್ಲ. ಸುತ್ತಮುತ್ತ ಕಡಲೆಕಾಯಿ ಹೊಲ. ರೈತರಿಗೆ ಇದಕ್ಕಿಂತ ಒಳ್ಳೆ ಆಳು ಎಲ್ಲಿ ಸಿಗಬೇಕು?

ಹೋದ ವರ್ಷದ ತನಕ ಕುರಿ ಕಾಯುವವರು, ನಾನು, ನಮ್ಮಂಥ ಒಂದಿಬ್ಬರು ಬಿಟ್ಟರೆ ಯಾರಿಗೂ ಆ ಕಡೆ ಕೆಲಸ ಇರಲಿಲ್ಲ. ಈ ಸಲ ಯಾರೋ ಲೊಕೇಶನ್ ಪಿನ್ ಒಂದು ಗ್ರೂಪಿಗೆ ಹಾಕಿದರು. ಭಾನುವಾರ ಹೋದರೆ ಕ್ವಾರಿ ಬಾಯಲ್ಲಿ ಕಾರುಗಳ ಸಾಲು. ಟ್ರೈಪಾಡ್‌ಗಳು ಒಂದಕ್ಕೊಂದು ತಾಗುವ ಹಾಗೆ ನಿಂತಿದ್ದವು. ಎಲ್ಲರ ಮೈಮೇಲೂ ಎಲೆ ಚಿತ್ರದ ಜಾಕೆಟ್. ಆದರೆ ಮಾತು ಮಾತ್ರ ಸಂತೆ ಮಾತು. ಮದುವೆ ಮಂಟಪದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾದವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ ಅಲ್ವಾ, ಹಾಗಿತ್ತು. ಆ ಬೆನ್ನು ನಂದೇ ಆಗಿರುತ್ತದೆ, ಆ ಮಾತು ಬೇರೆ.

ಗೂಬೆ ಕಣ್ಣು ಮುಚ್ಚಿಕೊಂಡಿತ್ತು. ಕಣ್ಣು ಬಿಡಲಿ ಅಂತ ಒಬ್ಬ ಸಣ್ಣ ಕಲ್ಲು ಎಸೆದ. ಅದು ಎದ್ದು ಹಾರಿತು. ಹಗಲಲ್ಲಿ ಗೂಬೆ ಬಯಲಿಗೆ ಬಂದರೆ ಕಾಗೆಗಳು ಸುಮ್ನೆ ಬಿಡುತ್ತವಾ? ಅಟ್ಟಿಸಿಕೊಂಡು ಹೋದವು. ಮರಿಗಳು ಬಿಸಿಲಿನಲ್ಲಿ ಬಂಡೆ ಮೇಲೆ ಉಳಿದವು. ಇವರು ಮರಿಗಳ ಫೋಟೊ ತೆಗೆದುಕೊಂಡರು.

‘ಹಿಂದೆಲ್ಲ ಹೀಗಿರಲಿಲ್ಲ’ ಅನ್ನುವ ಮುದುಕ ಆಗೋಕೆ ನನಗೆ ಇಷ್ಟ ಇಲ್ಲ. ಏನಾಯಿತು ಅಂತ ಅಂಗಡಿಯಲ್ಲಿ ಕೂತೇ ನೋಡಿದ್ದೇನೆ. ರೀಲಿನ ಕಾಲದಲ್ಲಿ 36 ಫ್ರೇಮು. ತೊಳೆಸಿ ಪ್ರಿಂಟ್ ಹಾಕಿಸುವ ದುಡ್ಡು ನೆನೆಸಿಕೊಂಡರೆ ಬೆರಳು ತಾನಾಗೇ ಹಿಂದೆ ಬರುತ್ತಿತ್ತು. 2014ರ ಹೊತ್ತಿಗೆ ದೂರದ್ದನ್ನು ಹತ್ತಿರ ತರುವ ಟ್ಯಾಮ್ರಾನ್ 150-600 ಎಂಎಂ ಲೆನ್ಸ್ ಬಂತು. 2015ರಲ್ಲಿ ನಿಕಾನ್ 200-500 ಲೆನ್ಸ್ ಬಂತು. ಅದೇ ವರ್ಷ 83 ಪಟ್ಟು ಜೂಮ್ ಇರುವ ನಿಕಾನ್ ಪಿ900 ಕ್ಯಾಮೆರಾ ಕೂಡ. ಲಕ್ಷಗಟ್ಟಲೆ ಸುರಿದರೆ ಮಾತ್ರ ಸಿಗುತ್ತಿದ್ದ ದೂರದ ಹಕ್ಕಿ, ಸಂಬಳದವರ ಕೈಗೂ ಸಿಕ್ಕಿತು. ಇದು ಒಳ್ಳೆಯದೇ. ಈಗಿನ ಮಿರರ್‌ಲೆಸ್ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ, ಸೆಕೆಂಡಿಗೆ 20 ಫ್ರೇಮ್ ಹೊಡೆಯುತ್ತದೆ. ಕಷ್ಟ ಅಂತ ಉಳಿದದ್ದು ಒಂದೇ: ಹಕ್ಕಿ ಎಲ್ಲಿದೆ ಅನ್ನುವುದು. ಹಾಗಾಗಿ ಜಾಗಕ್ಕೇ ಬೆಲೆ ಬಂದಿದೆ. ನನಗೆ ಮೆಸೇಜ್ ಮಾಡುವವರು ‘ನಮಸ್ಕಾರ’ ಕೂಡ ಅನ್ನುವುದಿಲ್ಲ. ‘ಪಿನ್ ಪ್ಲೀಸ್’ ಅಷ್ಟೇ.

ಪ್ರಶ್ನೆ ಇಷ್ಟು. ಇನ್ನು ಮುಂದೆ ಕೇಳಿದವರಿಗೆ ಜಾಗ ಹೇಳಬೇಕಾ, ಬೇಡವಾ? ನನಗಂತೂ ಬೇಡ ಅನ್ನಿಸಿದೆ. ಆದರೆ ನಮ್ಮ ಗ್ರೂಪಿನಲ್ಲಿ ಅರ್ಧ ಜನ ನನ್ನನ್ನು ಜಿಪುಣ ಅನ್ನುತ್ತಿದ್ದಾರೆ.

600 ಎಂಎಂ ಹುಡುಗ

ಸರ್, ಕಲ್ಲು ಎಸೆದವನಿಗೆ ಅಲ್ಲೇ ನಾಲ್ಕು ಬಿಗಿಯಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಜಾಗ ಗುಟ್ಟಾಗಿ ಇಡುವುದರ ಬಗ್ಗೆ ನನ್ನ ತಕರಾರಿದೆ. ನಾನು ಬೆಂಗಳೂರಿಗೆ ಕೆಲಸಕ್ಕೆ ಬಂದವನು. ಅಪ್ಪನೋ ಮಾವನೋ ಬೈನಾಕ್ಯುಲರ್ ಕೊಟ್ಟು ಹಕ್ಕಿ ತೋರಿಸಿದ ಮನೆಯವನಲ್ಲ. ಕ್ಯಾಮೆರಾ ತಗೊಂಡೆ, ಫೋಟೊ ತೆಗೆದೆ, ಮನೆಗೆ ಬಂದು ದೊಡ್ಡದು ಮಾಡಿ ನೋಡಿ ಹೆಸರು ಹುಡುಕಿದೆ. ಎಲೆ ಮರೆಯಲ್ಲಿ ಕುಣಿಯುವ ಆ ಹಸಿರು ಉಲಿಯಕ್ಕಿಗಳಲ್ಲಿ ಒಂದಕ್ಕೆ ರೆಕ್ಕೆ ಮೇಲೆ ಸಣ್ಣ ಬಿಳಿ ಗೆರೆ ಇದೆ, ಇನ್ನೊಂದಕ್ಕೆ ಇಲ್ಲ ಅನ್ನುವುದು ನನಗೆ ಕಂಡಿದ್ದೇ ಫೋಟೊದಲ್ಲಿ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರುವ ವಾಕ್‌ಗೆ ಹೋಗೋಕೆ ಧೈರ್ಯ ಬಂದಿದ್ದು ಆಮೇಲೆ.

ಇನ್ನೊಂದು ಮಾತು. ಗುಟ್ಟು ಅಂದರೆ ಯಾರಿಗೂ ಹೇಳಲ್ಲ ಅಂತಲ್ಲ. ಸೀನಿಯರ್‌ಗಳು ತಮ್ಮ ತಮ್ಮೊಳಗೆ ಹೇಳಿಕೊಳ್ಳುತ್ತಾರೆ. ಹೊಸಬರಿಗೆ ಮಾತ್ರ ನೀತಿ ಪಾಠ. ಅವರು ಹೋದ ವಾರ ಹಾಕಿದ ಫೋಟೊ ನೋಡಿದರೆ ಅದೇ ಗೂಬೆ, ಅದೇ ಬಂಡೆ. ಸಿಟ್ಟು ಬರಲ್ವಾ?

ಬೆಳ್ಳಕ್ಕಿ ಮೈಸೂರು

ತಮ್ಮಾ, ನಿನ್ನ ಸಿಟ್ಟು ಸರಿ. ಸೀನಿಯರ್ ಅನ್ನಿಸಿಕೊಂಡವರಲ್ಲಿ ನಾನೂ ಒಬ್ಬಳು, ಅದಕ್ಕೇ ಹೇಳುತ್ತಿದ್ದೇನೆ. ಹಳೇ ಕಾಲದವರು ಬಹಳ ಸಾಚಾ ಅಂತ ಯಾರೂ ಅಂದುಕೊಳ್ಳಬೇಡಿ. ಪಕ್ಷಿತಜ್ಞ ಸಲೀಂ ಅಲಿ ಅವರು ಹಕ್ಕಿ ಸಮೀಕ್ಷೆ ಮಾಡಿದ ಕಾಲದಲ್ಲಿ ಕೋವಿಯೂ ಜೊತೆಗೇ ಹೋಗುತ್ತಿತ್ತು. ಹೊಡೆದು, ಚರ್ಮ ಸುಲಿದು, ಮ್ಯೂಸಿಯಂಗೆ ಸೇರಿಸುತ್ತಿದ್ದರು. ಅದೇ ಮನುಷ್ಯ ಹೇಳಿದ್ದಕ್ಕೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು ಅನ್ನುವುದೂ ನಿಜ. ಇನ್ನು ಫೋಟೊ ವಿಷಯ. ಲೆನ್ಸ್ ಚಿಕ್ಕದು, ಫಿಲಂ ನಿಧಾನ. ಹಕ್ಕಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುವುದು ಗೂಡಿಗೆ ಮಾತ್ರ. ಆಗಿನ ಹಕ್ಕಿ ಫೋಟೊಗಳಲ್ಲಿ ಗೂಡಿನವೇ ಜಾಸ್ತಿ ಇರುವುದು ಅದಕ್ಕೇ. ಅಡ್ಡ ಬಂದ ರೆಂಬೆ ಕತ್ತರಿಸುವುದು, ದಾರ ಕಟ್ಟಿ ಎಳೆಯುವುದು ಆಗಲೂ ಇತ್ತು. ರೆಂಬೆ ಹೋದರೆ ಮರಿಗೆ ನೆರಳು ಹೋಯಿತು. ಮೇಲಿಂದ ಬಿಜ್ಜು ಅನ್ನುವ ಬೇಟೆ ಹಕ್ಕಿಗೆ ಗೂಡು ಸಲೀಸಾಗಿ ಕಂಡಿತು. ಆಗ ಹೀಗೆ ಮಾಡುವವರು ಊರಿಗೊಬ್ಬರು ಸಿಗುತ್ತಿರಲಿಲ್ಲ. ಈಗ ಬೀದಿಗೊಬ್ಬರು. ವ್ಯತ್ಯಾಸ ಅಷ್ಟೇ.

ಕ್ಯಾಮೆರಾದಿಂದ ಆದ ಉಪಕಾರ ನಾನು ಮರೆಯುವುದಿಲ್ಲ. ನಂಜನಗೂಡು ಕಡೆ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಕೆಲವಕ್ಕೆ ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿರುತ್ತಾರೆ, ಅದರ ಮೇಲೆ ಅಕ್ಷರ, ಅಂಕಿ. ನನ್ನ ಹಳೇ ಬೈನಾಕ್ಯುಲರಿನಲ್ಲಿ ಪಟ್ಟಿ ಕಾಣುತ್ತಿತ್ತು, ಅಕ್ಷರ ಓದೋಕೆ ಆಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗ ದಡದಿಂದ ಕದಲದೆ ಒಂದು ಫೋಟೊ ತೆಗೆದು, ಪರದೆ ಮೇಲೆ ದೊಡ್ಡದು ಮಾಡಿ ಓದಿ ಹೇಳಿದ. ಯಾವ ಹಕ್ಕಿ, ಎಲ್ಲಿಂದ ಬಂತು ಅಂತ ಗೊತ್ತಾಗಲು ಅಷ್ಟು ಸಾಕು.

ಆದರೆ ಅದೇ ಹುಡುಗ ಸಾಯಂಕಾಲ ಬೇಜಾರಿನಲ್ಲಿದ್ದ. ಫೋಟೊ ‘ಐ ಲೆವೆಲ್’, ಅಂದರೆ ಹಕ್ಕಿ ಕಣ್ಣಿನ ಮಟ್ಟದಲ್ಲಿ, ಬರಲಿಲ್ಲವಂತೆ, ಹಕ್ಕಿ ಹಿಂದಿನದೆಲ್ಲ ಬೆಣ್ಣೆ ಹಾಗೆ ಮಸುಕಾಗಿಲ್ಲವಂತೆ. ನನಗೆ ಕಾಣುವ ರೋಗ ಇದು. ನಾವು ಒಂದು ಹಕ್ಕಿ ನೋಡಿದರೆ ನೋಡಿದ್ದಾಯಿತು, ಪುಸ್ತಕದಲ್ಲಿ ಬರೆದು ಮುಂದೆ ಹೋಗುತ್ತಿದ್ದೆವು. ಈಗ ಸಿಕ್ಕಿದ ಹಕ್ಕಿಯೇ ಮತ್ತೆ ಬೇಕು, ಇನ್ನೂ ಹತ್ತಿರದಿಂದ ಬೇಕು.

ಮಧುಗಿರಿಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೂಡು, ಮರಿ ಇರುವಾಗ ಜಾಗ ಹೇಳಬೇಡಿ. ನನಗೂ ಹೇಳಬೇಡಿ. ನೋಡಿದ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದಿದ್ದರೆ ಮರಿ ಹಾರಿಹೋದ ಮೇಲೆ ಹಳೇ ತಾರೀಖು ಹಾಕಿ ಸೇರಿಸಬಹುದು, ದಾಖಲೆ ಎಲ್ಲೂ ಹೋಗುವುದಿಲ್ಲ. ಇಂಥ ಸಾಮಾನ್ಯ ಜನರ ಪಟ್ಟಿಗಳಿಂದಲೇ 2023ರಲ್ಲಿ ದೇಶದ 942 ಜಾತಿ ಹಕ್ಕಿಗಳ ಸ್ಥಿತಿಗತಿ ಲೆಕ್ಕ ಹಾಕಿದ್ದು. ಮತ್ತೆ, ವಾದ ಮಾಡುವವರಿಗೆ ಹೇಳಿ: 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಏನು ಅನ್ನುವ ಕಡೆಯೇ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದ್ದಾರೆ. ಕೋವಿಯೇ ಬೇಕಂತಿಲ್ಲ.

ಕಾಳಿ ದಂಡೆ

ನಾನು ಜೋಯಿಡಾ ಕಡೆಯವ. ಹೈಡ್, ಅಂದರೆ ಮರೆಯಲ್ಲಿ ಕೂತು ಹಕ್ಕಿ ಫೋಟೊ ತೆಗೆಯುವ ಜಾಗ, ನಡೆಸುತ್ತೇನೆ, ಗೈಡ್ ಕೆಲಸವೂ ಮಾಡುತ್ತೇನೆ. ಫೋಟೊದವರನ್ನು ಬೈದರೆ ನನ್ನ ಅನ್ನಕ್ಕೇ ಬೈದ ಹಾಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಅನ್ನುವ ಕಾಡಿನ ವಸತಿಯ ಹೆಸರು ನಿಮಗೆಲ್ಲ ಗೊತ್ತಿರುತ್ತದೆ. ಅಲ್ಲಿ ಹಕ್ಕಿಗಳಿಗೆ ಅಂತ ಇಟ್ಟ ನೀರು ನೋಡಿಯೇ ನಮ್ಮ ಕಡೆ ಮನೆ ಹಿತ್ತಲಲ್ಲಿ ಹೈಡ್ ಮಾಡೋದು ಶುರುವಾದದ್ದು. ಹಸಿರು ಬಲೆ, ಒಂದು ತಗ್ಗಿನಲ್ಲಿ ನೀರು, ಪಾಚಿ ಹಿಡಿದ ಒಂದು ಕೊಂಬೆ, ಹಣ್ಣಾದ ಪಪ್ಪಾಯಿ. ಮಾರ್ಚ್‌ನಿಂದ ಮೇ ತನಕ ಕಾಡಿನಲ್ಲಿ ನೀರು ಕಮ್ಮಿ, ಹಕ್ಕಿ ತಾವಾಗೇ ಬರುತ್ತವೆ. ಮಳೆ ಬಿದ್ದರೆ ನಮ್ಮ ವ್ಯಾಪಾರ ಬಂದ್. ಮೊದಲು ಕವಣೆ ಹಿಡಿದು ಓಡಾಡುತ್ತಿದ್ದ ಹುಡುಗರು ಈಗ ಹಕ್ಕಿ ಕೂಗು ಕೇಳಿ ಹೆಸರು ಹೇಳುತ್ತಾರೆ. ಇದು ಫೋಟೊದವರ ದುಡ್ಡಿನಿಂದಲೇ ಆದದ್ದು ಮಾರಾಯ್ರೆ.

ಆದರೆ ಗೆಸ್ಟ್‌ಗಳ ಕತೆ ಕೇಳಿ. ಬರುವಾಗಲೇ ಟಾರ್ಗೆಟ್ ಲಿಸ್ಟ್ ಇರುತ್ತದೆ. ನವರಂಗ ಬೇಕು, ಕಾಳಿ ನದಿಯ ನೀಲಿಕಿವಿ ಮಿಂಚುಳ್ಳಿ ಬೇಕು. ಮಡಿವಾಳ ಹಕ್ಕಿ ಎದುರಿಗೇ ಸ್ನಾನ ಮಾಡುತ್ತಾ ಇದ್ದರೂ ಫೋನ್ ನೋಡುತ್ತಾ ಕೂರುತ್ತಾರೆ. ಒಬ್ಬರಂತೂ ನವರಂಗ ಬರಲಿಲ್ಲ, ಅರ್ಧ ದುಡ್ಡು ವಾಪಸ್ ಕೊಡು ಅಂದರು! ನಾನೇನು ಅದಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದೇನಾ?

ಇನ್ನು ಬ್ಲೂಟೂತ್ ಸ್ಪೀಕರ್. ಹಕ್ಕಿ ಕರೆಯೋಕೆ ಅದರಲ್ಲಿ ಅದೇ ಜಾತಿಯ ಕೂಗು ಹಾಕುತ್ತಾರೆ. ನನ್ನ ಹೈಡಿನಲ್ಲಿ ಅದು ಇಲ್ಲ. ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ಯಾರೋ ಬಂದರು ಅಂತ ಜಗಳಕ್ಕೆ ಓಡಿ ಬರುತ್ತದೆ, ಗೂಡು ಬಿಟ್ಟು. ದಿನಕ್ಕೆ ನಾಲ್ಕು ಗಾಡಿ ಬಂದು ಇದನ್ನೇ ಮಾಡಿದರೆ ಅದು ಯಾವಾಗ ಮರಿಗೆ ತಿನ್ನಿಸಬೇಕು?

ಮಂಗಟ್ಟೆ ಗೂಡು ಎಷ್ಟು ದುಡ್ಡು ಕೊಟ್ಟರೂ ತೋರಿಸುವುದಿಲ್ಲ. ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ. ಸಣ್ಣ ಸಂದಿಯಲ್ಲಿ ಗಂಡು ಅತ್ತಿ ಹಣ್ಣು ಕೊಡಬೇಕು. ಮರದ ಕೆಳಗೆ ಜನ ಕಂಡರೆ ಅದು ಆ ಮರಕ್ಕೆ ಕೂರುವುದೇ ಇಲ್ಲ. ಹಣ್ಣು ಗಂಟಲಲ್ಲಿ ಇಟ್ಟುಕೊಂಡು ದೂರದ ಮರದಲ್ಲಿ ಕಾಯುತ್ತಾ ಇರುತ್ತದೆ. ಒಳಗಿರುವವಳಿಗೆ ಹೊರಗೆ ಬಂದು ತಿನ್ನುವ ದಾರಿ ಇಲ್ಲ. ನೀರಿಗೆ ಅದಾಗೇ ಬಂದರೆ ಫೋಟೊ ತೆಗೆಯಿರಿ, ಬಾಗಿಲಿಗೆ ಹೋಗಿ ನಿಲ್ಲಬೇಡಿ ಅನ್ನುತ್ತೇನೆ ನಾನು.

600 ಎಂಎಂ ಹುಡುಗ

ಕಾಳಿ ದಂಡೆ ಅಣ್ಣಾ, ಒಪ್ಪಿದೆ. ಆದರೆ ಆ ಪಾಚಿ ಕೊಂಬೆ ಒಮ್ಮೆ ಬದಲಾಯಿಸಿ! ನನ್ನ ಫೋಟೊ, ನನ್ನ ಫ್ರೆಂಡ್ ಫೋಟೊ, ಅವನ ಬಾಸ್ ಫೋಟೊ, ಮೂರರಲ್ಲೂ ಅದೇ ಕೊಂಬೆ.

ಕಗ್ಗಲಡು ಅಳಿಯ

ನನ್ನ ಹೆಂಡತಿಯ ಊರು ಶಿರಾ ತಾಲೂಕಿನ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಮಾಡುತ್ತವೆ, ಜೊತೆಗೆ ಬೂದು ಬಕ. ಇಲ್ಲಿ ಗುಟ್ಟು ಅನ್ನುವುದು ಏನೂ ಇಲ್ಲ. ಯಾರು ಬೇಕಾದರೂ ಬಂದು ನೋಡಬಹುದು, ಫೋಟೊ ತೆಗೆಯಬಹುದು. ಆದರೆ ಚಪ್ಪಾಳೆ ಹೊಡೆದು ಹಕ್ಕಿ ಎಬ್ಬಿಸಿ ನೋಡಿ. ಜಗಲಿ ಮೇಲೆ ಕೂತ ಅಜ್ಜಿ ನಿಮ್ಮ ಏಳು ತಲೆಮಾರು ಎತ್ತಿ ಬೈಯುತ್ತಾರೆ. ಮದ್ದೂರಿನ ಕೊಕ್ಕರೆಬೆಳ್ಳೂರಿನಲ್ಲೂ ಹೀಗೇ ಅಲ್ವಾ? ಹೆಜ್ಜಾರ್ಲೆ, ಕೊಕ್ಕರೆ ಮನೆ ಪಕ್ಕದ ಮರದಲ್ಲೇ ಇರುತ್ತವೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಅಂತ ಮಾಡಿತು, ಜನ ಅದಕ್ಕೂ ಬಹಳ ಮೊದಲಿಂದ ನೋಡಿಕೊಂಡಿದ್ದಾರೆ.

ಹಾಗಾಗಿ ನನಗೆ ನಿಮ್ಮ ಪ್ರಶ್ನೆಯೇ ಸ್ವಲ್ಪ ವಿಚಿತ್ರ ಅನ್ನಿಸಿತು ಸರ್. ಹೇಳಬೇಕಾ ಬೇಡವಾ ಅಂತ ನೀವು ನೀವೇ ಚರ್ಚೆ ಮಾಡುತ್ತಿದ್ದೀರಿ. ದಿನಾ ಅಲ್ಲಿ ಇರುವವರು ಕುರಿ ಕಾಯುವವರು. ಅವರನ್ನು ಕೇಳಿದಿರಾ? ಕ್ವಾರಿಯಲ್ಲಿ ಬೈಯುವ ಅಜ್ಜಿ ಇಲ್ಲ, ಅದೇ ತೊಂದರೆ. ಮತ್ತೆ ಗೂಬೆ ಅಂದರೆ ಫೋಟೊದವರು ಮಾತ್ರ ಬರುವುದಿಲ್ಲ. ಮಾಟ ಮಂತ್ರಕ್ಕೆ ಅಂತ ದೀಪಾವಳಿ ಹೊತ್ತಿಗೆ ಗೂಬೆ ಹಿಡಿದು ಮಾರುವವರಿದ್ದಾರೆ. ಪಿನ್ ಅವರ ಕೈಗೂ ಸಿಗುತ್ತದೆ.

ಸ್ಟುಡಿಯೊ ಮಧುಗಿರಿ

ಎಲ್ಲರಿಗೂ ಥ್ಯಾಂಕ್ಸ್. ಅಳಿಯಂದಿರು ಹೇಳಿದ ಮೇಲೆ ಹೋಗಿ ಕುರಿಯವರನ್ನು ಮಾತಾಡಿಸಿದೆ. ಹಿರಿಯರೊಬ್ಬರು ಇದ್ದಾರೆ, ಆ ಗೂಬೆ ಕೂಗು ತಮ್ಮ ಅಪ್ಪನ ಕಾಲದಿಂದ ಕೇಳುತ್ತಿದ್ದಾರಂತೆ. ಅವರ ಸಿಟ್ಟು ನನಗಿಂತ ಜಾಸ್ತಿ ಇದೆ, ಕಾರಣ ಬೇರೆ. ಕ್ವಾರಿಯಲ್ಲಿ ನಿಂತ ನೀರಿಗೆ ಕುರಿ ಇಳಿಸುವ ದಾರಿ ಅದೊಂದೇ, ಭಾನುವಾರ ಕಾರು ನಿಲ್ಲಿಸಿದರೆ ಮಂದೆ ಒಳಗೆ ಹೋಗೋಕೆ ಆಗುತ್ತಿಲ್ಲ. ‘ನೀವ್ ಯಾಕ್ ಸ್ವಾಮಿ ಇಷ್ಟ್ ದಿನ ಸುಮ್ನಿದ್ರಿ’ ಅಂತ ನನಗೇ ಕೇಳಿದರು. ಯುಗಾದಿ ತನಕ ಕಾರು ಬರುವ ಕಡೆ ಜಾಲಿಮುಳ್ಳು ಎಳೆದು ಹಾಕುತ್ತಾರಂತೆ, ಕುರಿಗೆ ಬೇಕಾದಷ್ಟು ಸಂದಿ ಬಿಟ್ಟು. ಟೈರಿನ ಮೇಲೆ ಆಸೆ ಇರುವವರು ಆ ಕಡೆ ಬರುವುದಿಲ್ಲ.

600 ಎಂಎಂ ತಮ್ಮಾ, ಸೀನಿಯರ್‌ಗಳ ಬಗ್ಗೆ ನೀನು ಹೇಳಿದ್ದು ನನಗೂ ತಾಗಿತು. ಅದಕ್ಕೇ ನಮ್ಮ ಗ್ರೂಪಿನಲ್ಲಿ ಹೀಗೆ ಹಾಕಿದ್ದೇನೆ: ಮರಿ ಇರುವ ಜಾಗ ಯಾರಿಗೂ ಇಲ್ಲ, ಹಳಬರಿಗೂ ಇಲ್ಲ, ಅಲ್ಲಿನ ಫೋಟೊ ಕೂಡ ಮರಿ ಹಾರುವ ತನಕ ಹಾಕುವಂತಿಲ್ಲ. ಇಬ್ಬರು ಗ್ರೂಪ್ ಬಿಟ್ಟು ಹೋದರು.

ನೀನು ಈ ಕಡೆ ಬಂದರೆ ಮೈದನಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಜಯಮಂಗಲಿ ಕೃಷ್ಣಮೃಗ ಮೀಸಲು ಅಂತಾರಲ್ಲ, ಅದೇ. ಚಳಿಗಾಲದಲ್ಲಿ ಹುಲ್ಲುಗಾವಲಿನ ಮೇಲೆ ಸೆಳೆವ ಅನ್ನುವ ಬೇಟೆ ಹಕ್ಕಿಗಳು ತಗ್ಗಿನಲ್ಲಿ ಹಾರುತ್ತವೆ. ಬೇಗ ಬಾ, ಹತ್ತು ಗಂಟೆ ಮೇಲೆ ಬಿಸಿಲ ಝಳಕ್ಕೆ ನಿನ್ನ 600 ಎಂಎಂನಲ್ಲಿ ಎಲ್ಲ ಕಲಸಿದ ಹಾಗೆ ಬರುತ್ತದೆ.