ರಾತ್ರಿ ಪಾಳಿಗೆ ಓದಿರೋ ನರ್ಸ್ ಬೇಕು: ನರ್ಸಿಂಗ್ ಹೋಮ್ ಮತ್ತು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವಿಷಯ, ಎಲ್ರೂ ಓದಿ

2ನೇ ಕ್ರಾಸ್ ಕೊನೆ ಮನೆ: ಎಲ್ರಿಗೂ ನಮಸ್ಕಾರ. ಬಸ್ ಸ್ಟ್ಯಾಂಡ್ ಹಿಂದಿರೋ ನರ್ಸಿಂಗ್ ಹೋಮ್ ವಿಷಯ ಮಾತಾಡ್ಲೇಬೇಕು. ನಮ್ಮತ್ತೆಗೆ ಶುಗರ್ ಜಾಸ್ತಿ ಆಗಿ ಅಲ್ಲಿ ಅಡ್ಮಿಟ್ ಮಾಡಿದ್ವಿ. ರಾತ್ರಿ ಆದ್ರೆ ಡಾಕ್ಟ್ರು ಹಾಸನಕ್ಕೆ ಹೊರಟೋಗ್ತಾರೆ, ವಾರ್ಡಲ್ಲಿ ಇದ್ದಿದ್ದು ಒಂದೇ ಹುಡುಗಿ, ನರ್ಸಿಂಗ್ ಓದಿದೀಯೇನಮ್ಮ ಅಂದ್ರೆ ಇಲ್ಲ ಆಂಟಿ ಪಿಯುಸಿ ಆದ್ಮೇಲೆ ಇಲ್ಲೇ ಸೇರ್ಕೊಂಡು ಕಲ್ತೆ ಅಂದ್ಲು, ಡ್ರಿಪ್ ಹಾಕೋದು ಇನ್ಸುಲಿನ್ ಕೊಡೋದು ಎಲ್ಲಾ ಅವಳೇ. ಪಾಪ, ಆ ಮಗು ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಹದಿನೈದು ಬೆಡ್ ಇಟ್ಕೊಂಡು ರಾತ್ರಿ ಪಾಳಿಗೆ ಓದಿರೋ ಒಬ್ರು ನರ್ಸ್ ಇಲ್ಲ ಅಂದ್ರೆ ಇನ್ಸುಲಿನ್ ಡೋಸ್ ಹೆಚ್ಚು ಕಮ್ಮಿ ಆದ್ರೆ ಗೊತ್ತಾಗೋದು ಯಾರಿಗೆ?

ಡೈರಿ ಎದುರು ಮನೆ: ನಮ್ಮ ತಂಗಿ ಬಾಣಂತನದಲ್ಲೂ ಇದೇ ಆಗಿದ್ದು ಅಕ್ಕ. ಕಂಪ್ಲೇಂಟ್ ಕೊಟ್ಟು ಬೀಗ ಹಾಕ್ಸಿ ಅತ್ಲಾಗೆ.

ಮೆಡಿಕಲ್ ಸ್ಟೋರ್: ಬೀಗದ ಮಾತು ಬೇಡ ಕಣಮ್ಮ. ಅದು ಮುಚ್ಚಿದ್ರೆ ನಡುರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ನಲವತ್ತು ಕಿಲೋಮೀಟರ್ ಹಾಸನಕ್ಕೇ ಓಡ್ಬೇಕು, 108 ಬೇರೆ ಕೇಸಿಗೆ ಹೋಗಿದ್ರೆ ಅದು ಬರೋತನಕ ಕಾಯ್ಬೇಕು. ನಾವು ಕೇಳ್ಬೇಕಾದ್ದು ಅದನ್ನ ಸರಿ ಮಾಡಿ ಅಂತ.

ಮೇಷ್ಟ್ರು (ನಿವೃತ್ತ): ಇವರು ಹೇಳಿದ್ದು ಸರಿ. ಕಾನೂನು ಇದೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ರೂ ಕೆಪಿಎಂಇ ಅಂತಾರಲ್ಲ ಅದು. 2017ರಲ್ಲಿ ತಿದ್ದುಪಡಿ ಮಾಡೋವಾಗ ಬೆಳಗಾವಿ ಅಧಿವೇಶನದ ಟೈಮಲ್ಲಿ ಖಾಸಗಿ ಡಾಕ್ಟ್ರುಗಳೆಲ್ಲ ಮುಷ್ಕರ ಮಾಡಿದ್ದು ನಿಮಗೆಲ್ಲ ನೆನಪಿರ್ಬೇಕು. ಅಷ್ಟು ಗಲಾಟೆ ಆಗಿ ಉಳಿದಿರೋ ಕಾನೂನನ್ನ ನಮ್ಮ ಹೋಬಳಿಲಿ ಒಬ್ರೂ ಉಪಯೋಗಿಸಿಲ್ಲ ಅನ್ನೋದು ನಂಗೆ ನೋವು. ನೋಂದಣಿ ಸಿಗ್ಬೇಕಾದ್ರೇ ಅರ್ಹತೆ ಇರೋ ಡಾಕ್ಟ್ರು, ತರಬೇತಿ ಆಗಿರೋ ಸಿಬ್ಬಂದಿ ಸಾಕಷ್ಟು ಇರ್ಬೇಕು. ಜಿಲ್ಲೆಲಿ ಇದಕ್ಕೆ ಅಂತಲೇ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಹೆಸರಲ್ಲೇ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಅಂತ ಇದೆ, ಅಂದ್ರೆ ನಮ್ಮ ದೂರು ಕೇಳೋದೂ ಅವರ ಕೆಲಸನೇ.

2ನೇ ಕ್ರಾಸ್ ಕೊನೆ ಮನೆ: ಸಾಕಷ್ಟು ಅಂದ್ರೆ ಎಷ್ಟು ಮೇಷ್ಟ್ರೇ? ಒಬ್ರು ಇದ್ರೂ ಸಾಕಷ್ಟು ಅಂತ ಅವರು ಹೇಳಬಹುದಲ್ವಾ?

4ನೇ ಕ್ರಾಸ್, ಸ್ಟಾಫ್ ನರ್ಸ್: ನಾನು ಹೇಳ್ತೀನಿ ಅಕ್ಕ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಲಿ 5 ಬೆಡ್‌ಗೆ ಒಬ್ರು ನರ್ಸ್, ಟೀಚಿಂಗ್ ಆಸ್ಪತ್ರೆ ಆದ್ರೆ 3ಕ್ಕೆ ಒಬ್ರು, ರಜೆಗೆ ಅಂತ ಮೇಲೆ ಶೇ 30 ಜನ ಬೇರೆ. ನರ್ಸ್ ಅಂದ್ರೆ 3 ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಇಲ್ಲಾ 4 ವರ್ಷದ ಬಿಎಸ್ಸಿ ಮಾಡಿ ರಾಜ್ಯ ನರ್ಸಿಂಗ್ ಕೌನ್ಸಿಲಲ್ಲಿ ರಿಜಿಸ್ಟರ್ ಆದವ್ರು. ಆದ್ರೆ ಅರ್ಜಿಲಿ ಇದನ್ನ ಕಾನೂನು ಅಂತ ಬರೀಬೇಡಿ, ಕೌನ್ಸಿಲ್ ಶಿಫಾರಸು ಅಂತ ಬರೀರಿ, ಇಲ್ಲಾಂದ್ರೆ ಅದೊಂದನ್ನೇ ಹಿಡ್ಕೊಂಡು ಇಡೀ ಅರ್ಜಿ ತಳ್ಳಿಹಾಕ್ತಾರೆ. ಇನ್ನೊಂದು ಮಾತು, ಯಾರೂ ಇದನ್ನ ಎತ್ತಲ್ಲ. ನಮ್ಮೂರಲ್ಲೇ ಜಿಎನ್‌ಎಂ ಮುಗಿಸಿರೋ ಹುಡುಗೀರು ಇದಾರೆ, ಎಲ್ರೂ ಬೆಂಗಳೂರಿಗೆ ಯಾಕೆ ಹೋಗ್ತಾರೆ? ಸಂಬಳ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡ್ತು, 50 ಬೆಡ್‌ಗಿಂತ ಚಿಕ್ಕ ಆಸ್ಪತ್ರೆ ಆದ್ರೂ ನರ್ಸ್‌ಗೆ ತಿಂಗಳಿಗೆ 20,000ಕ್ಕೆ ಕಮ್ಮಿ ಕೊಡಬಾರ್ದು ಅಂತ ಆ ಸಮಿತಿ ಹೇಳ್ತು. ನಾನು ಮೊದ್ಲು ಕೆಲಸ ಮಾಡಿದ ಕಡೆ ಅದರ ಅರ್ಧನೂ ಕೊಡ್ತಿರ್ಲಿಲ್ಲ, ಹನ್ನೆರಡು ಗಂಟೆ ನೈಟ್ ಡ್ಯೂಟಿ. ಈ ಮಾತು ಬಿಟ್ಟು ಬರೀ ನರ್ಸ್ ಇಡಿ ಅಂದ್ರೆ ಯಾರು ಬರ್ತಾರೆ ಹೇಳಿ.

ತೋಟದ ಮನೆ (ಮಗಳು, ಅಮೆರಿಕದಿಂದ): ನಾನಿಲ್ಲಿ ವೃದ್ಧರ ನರ್ಸಿಂಗ್ ಹೋಮಲ್ಲೇ ನರ್ಸ್, ಇಲ್ಲೂ ಇದೇ ಜಗಳ. 2024ರಲ್ಲಿ ಕೇಂದ್ರ ಸರ್ಕಾರ ರೂಲ್ ಮಾಡ್ತು, ಒಬ್ಬೊಬ್ರಿಗೂ ದಿನಕ್ಕೆ 3.48 ಗಂಟೆ ಆರೈಕೆ ಸಿಗ್ಬೇಕು, 24 ಗಂಟೆನೂ ರಿಜಿಸ್ಟರ್ಡ್ ನರ್ಸ್ ಇರ್ಬೇಕು ಅಂತ. ಹಳ್ಳಿ ಕಡೆಯವಕ್ಕೆ ಪೂರ್ತಿ ಜಾರಿಗೆ 5 ವರ್ಷ ಟೈಮ್ ಕೊಟ್ರು, ಪಟ್ಟಣದವಕ್ಕೆ 3. ನರ್ಸ್ ಸಿಗಲ್ಲ, ಹಳ್ಳಿಲಿ ಎಲ್ಲಾ ಮುಚ್ಚಿಹೋಗ್ತವೆ ಅಂತ ಮಾಲೀಕರು ಕೋರ್ಟಿಗೆ ಹೋದ್ರು, 2025ರ ಏಪ್ರಿಲಲ್ಲಿ ಟೆಕ್ಸಾಸ್ ಕೋರ್ಟ್ ಮುಖ್ಯ ಭಾಗನೇ ರದ್ದು ಮಾಡ್ತು, ಆಮೇಲೆ ಸಂಸತ್ತು 2034ರವರೆಗೆ ಜಾರಿ ಮಾಡಂಗಿಲ್ಲ ಅಂತ ಕಾನೂನು ತಂತು. ಅದಕ್ಕೇ ಹೇಳ್ತಿದೀನಿ, ಮುಚ್ಚಿಹೋಗತ್ತೆ ಅನ್ನೋ ಮಾತು ನಮ್ಮೂರಲ್ಲೂ ಬಂದೇ ಬರತ್ತೆ, ಅದಕ್ಕೆ ಉತ್ತರ ಈಗ್ಲೇ ರೆಡಿ ಇಟ್ಕೊಳಿ.

ಮೆಡಿಕಲ್ ಸ್ಟೋರ್: ಉತ್ತರ ಪಿಎಚ್‌ಸಿನೇ. ಸರ್ಕಾರದ ಆಸ್ಪತ್ರೆಲಿ ರಾತ್ರಿ ಲೈಟ್ ಉರೀತಿದ್ರೆ ಖಾಸಗಿಯವ್ರು ನಾವು ಮುಚ್ತೀವಿ ಅಂತ ಹೆದರ್ಸಕ್ಕಾಗಲ್ಲ. ನಮ್ಮ ಪಿಎಚ್‌ಸಿ ಸಾಯಂಕಾಲ ಬಾಗಿಲು ಹಾಕತ್ತಲ್ಲ, ಅದನ್ನ ಯಾಕೆ ಯಾರೂ ಕೇಳಲ್ಲ?

4ನೇ ಕ್ರಾಸ್, ಸ್ಟಾಫ್ ನರ್ಸ್: ನಿಜ ಅಣ್ಣ. ಐಪಿಎಚ್‌ಎಸ್ ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರದ ಮಾನದಂಡ ಇದೆ, 2007ರಲ್ಲಿ ಶುರುವಾಗಿದ್ದು, 2012ರಲ್ಲಿ 2022ರಲ್ಲಿ ತಿದ್ದಿದ್ರು. ಬಯಲು ಸೀಮೆಲಿ 30,000 ಜನಕ್ಕೆ ಒಂದು ಪಿಎಚ್‌ಸಿ. 2012ರದ್ರಲ್ಲಿ ಚಿಕ್ಕ ಪಿಎಚ್‌ಸಿಗೂ ಕನಿಷ್ಠ 3 ಸ್ಟಾಫ್ ನರ್ಸ್ ಅಂತ ಇತ್ತು, ತಿಂಗಳಿಗೆ 20 ಇಲ್ಲಾ ಅದಕ್ಕಿಂತ ಜಾಸ್ತಿ ಹೆರಿಗೆ ಆದ್ರೆ 4. ಈಗ 24 ಗಂಟೆ ನಡೆಯೋದು, ನಡೆಯದೇ ಇರೋದು ಅಂತ ಎರಡು ಥರ ಮಾಡಿದಾರೆ. ನಮ್ದು ಯಾವ್ದು, ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ, ಇದನ್ನೇ ಮೊದ್ಲು ಬರವಣಿಗೆಲಿ ತಗೊಳಿ.

ಡೈರಿ ಎದುರು ಮನೆ: ಡಾಕ್ಟ್ರುಗಳಿಗೆ ಒಂದು ವರ್ಷ ಹಳ್ಳಿ ಸೇವೆ ಕಡ್ಡಾಯ ಅಲ್ವಾ, ಅವ್ರನ್ನ ಹಾಕ್ಸಕ್ಕಾಗಲ್ವಾ?

ಮೇಷ್ಟ್ರು (ನಿವೃತ್ತ): 2012ರ ಕಾಯ್ದೆ ಇದೆಯಮ್ಮ. ಆದ್ರೆ 2023ರ ತಿದ್ದುಪಡಿ ಆದ್ಮೇಲೆ ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಹಾಕ್ತಾರೆ. ಅದಕ್ಕೇ ಖಾಲಿ ಇದೆ ಅಂತ ನಾವು ದಾಖಲೆ ಸಮೇತ ತೋರಿಸ್ಬೇಕು. ಎರಡು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ನಾನೇ ಹಾಕ್ತೀನಿ, ಹತ್ತತ್ತು ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡ್ಬೇಕು. ಒಂದು ಪಿಎಚ್‌ಸಿ ಹುದ್ದೆಗಳ ಬಗ್ಗೆ. ಇನ್ನೊಂದು, ನರ್ಸಿಂಗ್ ಹೋಮಿನವ್ರು ನೋಂದಣಿಗೆ ಕೊಟ್ಟಿರೋ ಸಿಬ್ಬಂದಿ ಪಟ್ಟಿ ಕೇಳಿ. ಪಟ್ಟಿಲಿ ಇರೋ ನರ್ಸ್‌ಗಳು ವಾರ್ಡಲ್ಲಿ ಇದಾರಾ ಅಂತ ಆಗ ನೋಡೋಣ.

2ನೇ ಕ್ರಾಸ್ ಕೊನೆ ಮನೆ: ಆರ್‌ಟಿಐ ಬರೋತನಕ ಸುಮ್ನೆ ಕೂರೋದು ಬೇಡ. ಭಾನುವಾರ ನಾನು, 4ನೇ ಕ್ರಾಸ್ ತಂಗಿ, ಮೇಷ್ಟ್ರು ಮೂವರೂ ಹೋಗಿ ಡಾಕ್ಟ್ರನ್ನೇ ನೇರವಾಗಿ ಕೇಳ್ತೀವಿ, ಒಳ್ಳೇ ಮಾತಲ್ಲೇ, ರಾತ್ರಿಗೆ ಒಬ್ರು ಜಿಎನ್‌ಎಂ ಇಡಿ, ಸರಿಯಾದ ಸಂಬಳ ಕೊಡಿ ಅಂತ. ಮನಸ್ಸು ಮಾಡಿದ್ರೆ ಇದೇ ತಿಂಗಳು ಆಗೋ ಕೆಲಸ ಅದು. ಆ ಹುಡುಗಿ ಕೆಲಸಕ್ಕೆ ತೊಂದ್ರೆ ಆಗಬಾರ್ದು ಅಂತ್ಲೂ ಹೇಳ್ತೀವಿ, ಅವಳು ಅಟೆಂಡರ್ ಆಗಿ ಇರ್ಲಿ, ಓದ್ತೀನಿ ಅಂದ್ರೆ ಓದ್ಲಿ.

ಡೈರಿ ಎದುರು ಮನೆ: ಸರಿ ಅಕ್ಕ. ಪಿಎಚ್‌ಸಿಗೆ ರಾತ್ರಿ ನರ್ಸ್ ಬೇಕು ಅನ್ನೋ ಮನವಿಗೆ ಡೈರಿಲಿ ಸಹಿ ಹಾಕ್ಸೋಣ, ಬೆಳಿಗ್ಗೆ ಹಾಲು ಹಾಕೋಕೆ ಎಲ್ರೂ ಬರ್ತಾರೆ. ಪಕ್ಕದ ಹಳ್ಳಿಯವ್ರಿಗೂ ಹೇಳಿ, ಅವ್ರಿಗೂ ಇದೇ ಪಿಎಚ್‌ಸಿ. ಪಿಎಚ್‌ಸಿ ಜೊತೆ ಕೆಲಸ ಮಾಡೋ ಆಶಾ ಕಾರ್ಯಕರ್ತೆ ಅಕ್ಕನ ಸಹಿ ಕೇಳ್ಬೇಡಿ, ಅವ್ರಿಗೆ ತೊಂದ್ರೆ ಆಗತ್ತೆ.

ಮೇಷ್ಟ್ರು (ನಿವೃತ್ತ): ಕರಡು ಬರೆದು ಇವತ್ತು ರಾತ್ರಿನೇ ಇಲ್ಲಿ ಹಾಕ್ತೀನಿ. ಒಂದು ಪ್ರತಿ ಪಿಎಚ್‌ಸಿ ಆರೋಗ್ಯ ರಕ್ಷಾ ಸಮಿತಿಗೆ, ಒಂದು ಡಿಎಚ್‌ಒಗೆ (ಜಿಲ್ಲಾ ಆರೋಗ್ಯಾಧಿಕಾರಿ), ಒಂದು ಜಿಲ್ಲಾಧಿಕಾರಿಗೆ. ಕೊಟ್ಟ ಕಡೆಯೆಲ್ಲ ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬರ್ಬೇಕು. ಆಧಾರ್ ನಂಬರ್ ಯಾರೂ ಬರೀಬೇಡಿ, ಹೆಸರು, ಊರು, ಸಹಿ ಸಾಕು.